ಎರಡು ಸಲ ಹುಟ್ಟಿದ ದಾರಿ



ಈ ಉಪನ್ಯಾಸಕ್ಕೆ ನನ್ನನ್ನು ಕರೆದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ಅದಕ್ಕೆ ನಾನು ಋಣಿ. ಚರಿತ್ರೆಯ ವಿದ್ಯಾರ್ಥಿಗಳ ಮುಂದೆ ಸಾಮಾನ್ಯವಾಗಿ ರಾಜವಂಶಗಳನ್ನೋ ಶಾಸನಗಳನ್ನೋ ಇಟ್ಟುಕೊಂಡು ಮಾತಾಡುವುದು ರೂಢಿ. ನಾನು ಇಂದು ಒಂದು ರಸ್ತೆಯನ್ನು ಇಟ್ಟುಕೊಂಡು ಬಂದಿದ್ದೇನೆ. ಫ್ರಾನ್ಸಿನ ನೀಸ್ ನಗರದಿಂದ ಇಟಲಿಯ ಜಿನೋವಾದವರೆಗೆ, ಮೆಡಿಟರೇನಿಯನ್ ಕಡಲಿನ ಅಂಚು ಹಿಡಿದು ಸಾಗುವ ಸುಮಾರು 200 ಕಿಲೋಮೀಟರಿನ ದಾರಿ ಅದು. ಜಗತ್ತಿನ ಅತಿ ಸುಂದರ ಕಾರುದಾರಿಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಒಂದು ಕಡೆ ಆಲ್ಪ್ಸ್ ಪರ್ವತ ನೇರವಾಗಿ ನೀರಿಗೆ ಇಳಿಯುತ್ತದೆ, ಇನ್ನೊಂದು ಕಡೆ ನೀಲಿ ಕಡಲು, ನಡುವೆ ಬಟ್ಟೆಯ ಅಂಚಿನಂತೆ ಈ ರಸ್ತೆ. ಆ ರಸ್ತೆಗೆ ಪೋಣಿಸಿದಂತೆ ಹಳೆಯ ಊರುಗಳು.

ಪೋಣಿಸಿದಂತೆ ಎಂದೆ. ಕಾರಿನಲ್ಲಿ ಹೋಗುವವರ ಕಣ್ಣಿಗೆ ಹಾಗೆಯೇ ಕಾಣುತ್ತದೆ. ದಾರಿ ಮೊದಲು, ದಾರಿಯ ಬದಿಗೆ ಊರು ಆಮೇಲೆ ಎಂದು ನಾವು ತಿಳಿಯುತ್ತೇವೆ. ಈ ಕರಾವಳಿಯ ಮಟ್ಟಿಗೆ ಅದು ತಪ್ಪು ತಿಳಿವಳಿಕೆ. ಇಲ್ಲಿಯ ಊರುಗಳಿಗೆ ಸಾವಿರಾರು ವರ್ಷ ಕಡಲೇ ರಸ್ತೆಯಾಗಿತ್ತು. ನೆಲದ ದಾರಿ ಒಮ್ಮೆ ರೋಮನ್ನರ ಕಾಲದಲ್ಲಿ ಹುಟ್ಟಿ, ಪಾಳುಬಿದ್ದು, ಮತ್ತೆ ನೆಪೋಲಿಯನ್ನನ ಕಾಲದಲ್ಲಿ ಹುಟ್ಟಿತು. ಆ ನಡುವಿನ ದೀರ್ಘ ಕಾಲದಲ್ಲಿ ಊರುಗಳು ಪಡೆದ ಆಕಾರವನ್ನೇ ನಾವು ಇಂದು ನೋಡಿ ಬೆರಗಾಗುವುದು. ಇಂದಿನ ನನ್ನ ಮಾತೆಲ್ಲ ಇದರ ಸುತ್ತ ಇರುತ್ತದೆ. ಮೊದಲು ರೋಮನ್ ದಾರಿ, ಅನಂತರ ಕಡಲನ್ನು ನಂಬಿ ಬಾಳಿದ ಊರುಗಳು, ಬಳಿಕ ದಾರಿಯ ಎರಡನೆಯ ಹುಟ್ಟು, ಕೊನೆಗೆ ನಮ್ಮ ಕಾಲದ ಹೆದ್ದಾರಿ. ಈ ಕ್ರಮದಲ್ಲಿ ಹೋಗೋಣ.

ನೀಸ್‌ನಿಂದ ಪೂರ್ವಕ್ಕೆ ಹೊರಟವರಿಗೆ ಮೊದಲೇ ಒಂದು ಆಯ್ಕೆ ಎದುರಾಗುತ್ತದೆ. ಬೆಟ್ಟದ ಮೈಯಲ್ಲಿ ಒಂದರ ಮೇಲೊಂದು ಮೂರು ರಸ್ತೆಗಳಿವೆ. ಮೂರಕ್ಕೂ ಕಾರ್ನಿಶ್ ಎಂದೇ ಹೆಸರು; ಗೋಡೆಯಿಂದ ಹೊರಚಾಚಿದ ಕಟ್ಟಿನಂತಹ ದಾರಿ ಎಂದು ಅದರ ಅರ್ಥ. ಕೆಳಗಿನದು ಕಡಲ ಮಟ್ಟದಲ್ಲಿ ಬಂದರು, ವಿಲ್ಲಾಗಳನ್ನು ಹಾದು ಹೋಗುತ್ತದೆ. ನಡುವಿನದು 20ನೇ ಶತಮಾನದ್ದು, ಹದ್ದಿನ ಗೂಡಿನಂತೆ ಬಂಡೆಯ ತುದಿಯಲ್ಲಿ ಕುಳಿತ ಎಜ಼್ ಎಂಬ ಊರಿನ ಬಾಗಿಲಿಗೆ ಮುಟ್ಟಿಸುತ್ತದೆ. ಎಲ್ಲಕ್ಕಿಂತ ಮೇಲಿನದು ದೊಡ್ಡ ಕಾರ್ನಿಶ್. ಅದು ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಸಮಯವಿದ್ದವರು ಮೇಲಿನದನ್ನೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ನೋಟಕ್ಕಾಗಿ ಮಾತ್ರ ಅಲ್ಲ, ಆ ರಸ್ತೆ ಬಹುಮಟ್ಟಿಗೆ ರೋಮನ್ನರ ಹೆಜ್ಜೆಯ ಮೇಲೆಯೇ ನಡೆಯುತ್ತದೆ.

ಅದರ ನೆತ್ತಿಯಲ್ಲಿರುವ ಊರು ಲಾ ಟುರ್ಬಿ. ಅಲ್ಲಿ ಬಿಳಿಗಲ್ಲಿನ ಒಂದು ಭಾರೀ ಕಟ್ಟಡದ ಅವಶೇಷ ನಿಂತಿದೆ. ಆಲ್ಪ್ಸ್ ಬುಡಕಟ್ಟುಗಳನ್ನು ಗೆದ್ದ ನೆನಪಿಗೆ ಚಕ್ರವರ್ತಿ ಆಗಸ್ಟಸ್‌ನ ಹೆಸರಿನಲ್ಲಿ ಕ್ರಿ.ಪೂ. 6ರ ಹೊತ್ತಿಗೆ ನಿಲ್ಲಿಸಿದ ವಿಜಯಸ್ಮಾರಕ. ಆಗ ಸುಮಾರು 50 ಮೀಟರ್ ಎತ್ತರವಿತ್ತು, ಈಗ 35 ಮೀಟರಿನಷ್ಟು ಉಳಿದಿದೆ. ಸೋತ ಸುಮಾರು 45 ಬುಡಕಟ್ಟುಗಳ ಹೆಸರನ್ನು ಅದರ ಮೇಲೆ ಸಾಲಾಗಿ ಕೆತ್ತಿದ್ದರು. ಶಾಸನ ಒಡೆದು ಚೂರಾಗಿ ಹೋದರೂ ಇಂದು ಅದನ್ನು ಪೂರ್ತಿಯಾಗಿ ಓದಲು ಸಾಧ್ಯವಾಗಿದೆ. ಕಾರಣ, ಹಿರಿಯ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ ಗ್ರಂಥದಲ್ಲಿ ಅದನ್ನು ನಕಲು ಮಾಡಿ ಇಟ್ಟಿದ್ದ. ಪ್ಲಿನಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಕಾರಣಕ್ಕೆ ಅವನು ಮತ್ತೆ ಬರುತ್ತಾನೆ.

ಆಗಸ್ಟಸ್ ಎಂದಾಗ ನಮ್ಮ ನೆಲದ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಇದೇ ಆಗಸ್ಟಸ್‌ನ ಮತ್ತು ಅವನ ನಂತರ ಬಂದ ಟೈಬೀರಿಯಸ್‌ನ ನಾಣ್ಯಗಳಿವೆ. ಲಾ ಟುರ್ಬಿಯ ಬೆಟ್ಟದ ಮೇಲೆ ಕಲ್ಲಿನಲ್ಲಿ ಇದ್ದ ಹೆಸರು ಅದೇ ಕಾಲದಲ್ಲಿ ಚಂದ್ರವಳ್ಳಿಯ ವ್ಯಾಪಾರಿಯ ಅಂಗೈಯಲ್ಲೂ ಇತ್ತು.

ಕ್ರಿ.ಪೂ. 13ರಲ್ಲಿ ಆಗಸ್ಟಸ್ ಈ ತೀರದುದ್ದಕ್ಕೂ ಹಾಕಿಸಿದ ದಾರಿಯ ಹೆಸರು ವಿಯಾ ಜೂಲಿಯಾ ಆಗಸ್ಟಾ. ಅದರ ತುಂಡುಗಳನ್ನು ಇಂದೂ ತುಳಿಯಬಹುದು. ಇಟಲಿಯ ಗಡಿ ದಾಟಿದ ಕೂಡಲೇ ಲಾ ಮೋರ್ತೊಲದಲ್ಲಿ, ಶಾಂಘೈನಲ್ಲಿ ಹಣ ಮಾಡಿದ ಥಾಮಸ್ ಹ್ಯಾನ್‌ಬರಿ ಎಂಬ ಇಂಗ್ಲಿಷ್ ವರ್ತಕ 1867ರಲ್ಲಿ ಆರಂಭಿಸಿದ ಸಸ್ಯೋದ್ಯಾನವಿದೆ. ಆ ತೋಟದ ತಗ್ಗಿನಲ್ಲಿ ರೋಮನ್ ದಾರಿಯ ಒಂದು ಭಾಗ ಹಾದುಹೋಗುತ್ತದೆ. ಮುಂದೆ ಅಲ್ಬೆಂಗ ಮತ್ತು ಅಲಾಸ್ಸಿಯೊ ಊರುಗಳ ನಡುವೆ ಅದು ಬೆಟ್ಟದ ಮೈಯಲ್ಲಿ ಕಾಲುದಾರಿಯಾಗಿ ಉಳಿದಿದೆ. ಬದಿಯಲ್ಲಿ ರೋಮನ್ ಕಾಲದ ಗೋರಿಕಟ್ಟಡಗಳು, ಕೆಳಗೆ ಕಡಲಿನಲ್ಲಿ ಗಾಲಿನಾರ ಎಂಬ ಪುಟ್ಟ ದ್ವೀಪ. ಕಾರು ನಿಲ್ಲಿಸಿ ಎರಡು ಗಂಟೆ ನಡೆಯಲು ಸಾಧ್ಯವಾದವರು ಇಲ್ಲಿ ನಡೆಯಲೇಬೇಕು. ಆ ಕಲ್ಲುಹಾಸಿನ ಮೇಲೆ ನಿಂತು ಕೆಳಗೆ ನೋಡಿದರೆ ಈಗಿನ ಮೋಟಾರು ರಸ್ತೆ, ಅದರಾಚೆ ನೀರು, ಎರಡೂ ಒಟ್ಟಿಗೆ ಕಾಣುತ್ತವೆ.

ಈ ದಾರಿಗೆ ಆಮೇಲೆ ಏನಾಯಿತು? ಸಾಮ್ರಾಜ್ಯ ಬಿದ್ದಿತು, ದುರಸ್ತಿ ಮಾಡುವ ಕೈ ಇಲ್ಲವಾಯಿತು. ಮಳೆಗೆ ಬೆಟ್ಟ ಜರಿದು ದಾರಿ ಮುಚ್ಚಿತು. 14ನೇ ಶತಮಾನದ ಆರಂಭದ ಹೊತ್ತಿಗೆ ಅದರ ಗತಿ ಏನಾಗಿತ್ತು ಎಂಬುದಕ್ಕೆ ಒಬ್ಬ ದೊಡ್ಡ ಸಾಕ್ಷಿಯಿದ್ದಾನೆ. ದಾಂತೆ ತನ್ನ ಮಹಾಕಾವ್ಯದ ಎರಡನೆಯ ಭಾಗದಲ್ಲಿ ಶುದ್ಧೀಕರಣದ ಪರ್ವತದ ಕಡಿದಾದ ಏರನ್ನು ಓದುಗನಿಗೆ ಮನಗಾಣಿಸಬೇಕು. ಅದಕ್ಕೆ ಅವನು ಹೋಲಿಕೆಗೆ ಹಿಡಿದದ್ದು ಲೆರಿಚಿಯಿಂದ ಲಾ ಟುರ್ಬಿಯವರೆಗಿನ ಇದೇ ತೀರವನ್ನು. ಅಲ್ಲಿಯ ಅತ್ಯಂತ ನಿರ್ಜನವಾದ, ಕುಸಿದುಬಿದ್ದ ದಾರಿಯೂ ಈ ಪರ್ವತದ ಮುಂದೆ ಸಲೀಸಾದ ಮೆಟ್ಟಿಲಿದ್ದಂತೆ ಎಂಬುದು ಅವನ ಮಾತಿನ ಭಾವ. ಇಂದು ಜಗತ್ತೇ ಹಾತೊರೆದು ಬರುವ ದಾರಿ ಅಂದು ಕವಿಗೆ ದುರ್ಗಮತೆಯ ಉಪಮಾನವಾಗಿತ್ತು. ಭೂದೃಶ್ಯದ ಸೌಂದರ್ಯ ಎಂಬುದಕ್ಕೂ ಒಂದು ಚರಿತ್ರೆಯಿದೆ ಎಂದು ನಾನು ನಂಬುವುದು ಇಂತಹ ಕಡೆಗಳಿಂದ. ಬಂಡೆ ಅದೇ, ಕಡಲೂ ಅದೇ. ನಡೆದು ಬಳಲಿದವನ ಕಣ್ಣಿಗೆ ಅವು ಕಂಡ ರೀತಿಯೇ ಬೇರೆ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ನೆಲದ ದಾರಿ ಇಲ್ಲದಾಗ ಊರುಗಳು ಹೇಗೆ ಬದುಕಿದವು? ಕಡಲಿನಿಂದ. ದವಸ, ಉಪ್ಪು, ಎಣ್ಣೆ, ಮದುವೆಯ ಹೆಣ್ಣು, ಸುದ್ದಿ ಎಲ್ಲವೂ ದೋಣಿಯಲ್ಲಿ ಬಂದವು. ಅಪಾಯವೂ ಅಲ್ಲಿಂದಲೇ ಬಂತು. 16ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಬಂದರುಗಳಿಂದ ಬರುತ್ತಿದ್ದ ಕಡಲುಗಳ್ಳರು ಜನರನ್ನು ಹಿಡಿದೊಯ್ದು ಗುಲಾಮರಾಗಿ ಮಾರುತ್ತಿದ್ದರು. ಹೀಗಾಗಿ ಊರು ಕಡಲಿಗೆ ಹತ್ತಿರವೂ ಇರಬೇಕು, ಅದರ ಕೈಗೆ ಸಿಗದಂತೆಯೂ ಇರಬೇಕು. ಸಾನ್ ರೆಮೊ ಪಟ್ಟಣದ ಹಳೆಯ ಭಾಗವನ್ನು ನೋಡಿದರೆ ಇದು ಕೂಡಲೇ ತಿಳಿಯುತ್ತದೆ. ಅದರ ಹೆಸರು ಲಾ ಪೀನ್ಯ, ಅಂದರೆ ಪೈನ್ ಮರದ ಕಾಯಿ. ಆ ಕಾಯಿಯ ಎಸಳುಗಳು ಒಂದನ್ನೊಂದು ಅಪ್ಪಿಕೊಂಡಿರುವಂತೆ ಮನೆಗಳು ದಿಬ್ಬದ ಸುತ್ತ ಸುತ್ತಿಕೊಂಡಿವೆ. ಓಣಿಯ ಮೇಲೆ ಒಂದು ಮನೆಯಿಂದ ಎದುರುಮನೆಗೆ ಕಲ್ಲಿನ ಕಮಾನುಗಳು. ಭೂಕಂಪವಾದರೆ ಒಂದಕ್ಕೊಂದು ಆಸರೆ. ಹಗಲಿನಲ್ಲೂ ಅಲ್ಲಿ ನಸುಗತ್ತಲು, ಬೇಸಿಗೆಯಲ್ಲೂ ತಂಪು. ಕಾರು ಅಲ್ಲಿಗೆ ಹೋಗದು, ಹೋಗಲೆಂದು ಅದನ್ನು ಕಟ್ಟಿದ್ದೂ ಅಲ್ಲ.

ಎಲ್ಲ ಊರುಗಳ ಹೆಸರನ್ನೂ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಆದರೆ ಒಂದು ಊರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಬೇಡುತ್ತೇನೆ. ಅದು ಚೆರ್ವೊ. ಇಂಪೀರಿಯ ನಗರ ದಾಟಿದ ಮೇಲೆ ರಸ್ತೆಯ ಎಡಕ್ಕೆ ದಿಬ್ಬದ ಮೇಲೆ ಕಾಣುವ ಪುಟ್ಟ ಹಳೆಯೂರು. ರಸ್ತೆಯಿಂದ ನೋಡಿದರೆ ಅದರ ಮಹತ್ವ ಪೂರ್ತಿ ತಿಳಿಯದು. ಮೆಟ್ಟಿಲು ಹತ್ತಿ ಮೇಲಿನ ಚೌಕಕ್ಕೆ ಹೋಗಬೇಕು. ಅಲ್ಲಿ ಊರಿನ ಗಾತ್ರಕ್ಕೆ ಮೀರಿದ ಒಂದು ಇಗರ್ಜಿ ನಿಂತಿದೆ. ಸಂತ ಜಾನ್ ಬ್ಯಾಪ್ಟಿಸ್ಟ್‌ನದು. ಕೆಲಸ ಆರಂಭವಾದದ್ದು 1686ರಲ್ಲಿ, ಶಿಲ್ಪಿ ಜೊವಾನ್ನಿ ಬತ್ತಿಸ್ತ ಮರ್ವಾಲ್ದಿ. ಒಳಕ್ಕೆ ಬಾಗಿದ ಅದರ ಮುಂಭಾಗ, ತೋಳು ಚಾಚಿ ಕರೆಯುವವರಂತೆ, ಕಡಲಿಗೆ ಮುಖ ಮಾಡಿದೆ. ಜನ ಅದನ್ನು ಕರೆಯುವುದು ಹವಳಗಾರರ ಇಗರ್ಜಿ ಎಂದು.

ಚೆರ್ವೊದ ಗಂಡಸರು ಬೇಸಿಗೆಯಲ್ಲಿ ದೋಣಿ ಕಟ್ಟಿಕೊಂಡು ಕಾರ್ಸಿಕ, ಸಾರ್ಡೀನಿಯ ದ್ವೀಪಗಳ ಕಡೆಗೆ ಹವಳ ತೆಗೆಯಲು ಹೋಗುತ್ತಿದ್ದರು. ತೆಗೆಯುವ ಸಾಧನ ಸರಳ. ಎರಡು ಮರದ ದಿಮ್ಮಿಗಳನ್ನು ಅಡ್ಡಡ್ಡ ಕಟ್ಟಿ, ನಡುವೆ ಭಾರದ ಕಲ್ಲು ಬಿಗಿದು, ತುದಿಗಳಿಗೆ ಹಳೆಯ ಬಲೆಯ ಗೊಂಚಲುಗಳನ್ನು ಇಳಿಬಿಟ್ಟು ತಳದ ಬಂಡೆಗಳ ಮೇಲೆ ಎಳೆಯುವುದು. ಹವಳದ ಕೊಂಬೆಗಳು ಬಲೆಗೆ ಸಿಕ್ಕಿ ಮುರಿದು ಬರುತ್ತವೆ. ಎಳೆಯುವವರ ಅಂಗೈ ಹಗ್ಗದಲ್ಲಿ ಸುಲಿಯುತ್ತಿತ್ತು, ಗಾಳಿ ಎದ್ದರೆ ದೋಣಿಯೇ ಮರಳುತ್ತಿರಲಿಲ್ಲ. ಹಾಗೆ ಬಂದ ಹಣದಲ್ಲಿ ಒಂದು ಪಾಲು ಈ ಕಟ್ಟಡಕ್ಕೆ ಸಂದಿತು ಎಂಬುದು ಊರವರ ನಂಬಿಕೆ.

ಆ ಹವಳ ಎಲ್ಲಿಗೆ ಹೋಯಿತು? ಇಲ್ಲಿ ಪ್ಲಿನಿ ಮರಳಿ ಬರುತ್ತಾನೆ. ನಾವು ರೋಮನ್ನರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುತ್ತೇವೋ ಭಾರತೀಯರು ನಮ್ಮ ಕಡಲಿನ ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆ ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ. ಅದೇ ಶತಮಾನದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯಲ್ಲಿ ಮಲಬಾರಿನ ಬಂದರುಗಳಿಗೆ ಬರುವ ಸರಕುಗಳ ಪಟ್ಟಿಯಲ್ಲಿ ಹವಳ ಇದೆ, ಅಲ್ಲಿಂದ ಹೋಗುವ ಸರಕುಗಳಲ್ಲಿ ಕಾಳುಮೆಣಸು ಇದೆ. 17-18ನೇ ಶತಮಾನದಲ್ಲೂ ಇಟಲಿಯ ಲಿವೊರ್ನೊ ಬಂದರಿನ ಯೆಹೂದಿ ವರ್ತಕರು ಹವಳವನ್ನು ಗೋವೆಗೆ ಕಳಿಸಿ ಬದಲಿಗೆ ವಜ್ರ ತರಿಸುತ್ತಿದ್ದರು. ಗೋವೆಯಲ್ಲಿ ಅವರ ಪರವಾಗಿ ವ್ಯವಹಾರ ನಡೆಸಿದವರಲ್ಲಿ ಸಾರಸ್ವತ ವ್ಯಾಪಾರಿಗಳು ಇದ್ದರು. ಎಂದೂ ಮುಖ ನೋಡದವರು ಬರೀ ಕಾಗದಪತ್ರದ ನಂಬಿಕೆಯ ಮೇಲೆ ಈ ವ್ಯಾಪಾರ ನಡೆಸಿದರು.

ನನ್ನ ಅಜ್ಜಿಯ ಕೊರಳಿನಲ್ಲಿ ಹವಳದ ಸರವಿತ್ತು. ಚಿನ್ನದ ಗುಂಡು ಎರಡು, ಹವಳ ಒಂದು, ಮತ್ತೆ ಗುಂಡು ಎರಡು. ತೊಡೆಯ ಮೇಲೆ ಮಲಗಿದಾಗ ಅದನ್ನು ಬೆರಳಿನಿಂದ ಎಣಿಸುತ್ತಿದ್ದೆ. ಒಂದು ಹವಳದ ತುದಿ ಸ್ವಲ್ಪ ಸೀಳಿತ್ತು, ಬೆರಳಿಗೆ ತಾಗುತ್ತಿತ್ತು. ಒಡವೆಗೆ ಒದಗುವ ಆ ಕೆಂಪು ಹವಳ ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ, ಮೆಡಿಟರೇನಿಯನ್ ಕಡಲೇ ಅದರ ಹಳೆಯ ತವರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಜ್ಜಿಯ ಹವಳ ಚೆರ್ವೊದ ದೋಣಿಯಿಂದಲೇ ಬಂತು ಎಂದು ಹೇಳುವ ಸಾಹಸ ಮಾಡುವುದಿಲ್ಲ. ಆದರೆ ಆ ಚೌಕದ ಮೆಟ್ಟಿಲ ಮೇಲೆ ಕುಳಿತು ಕಡಲು ನೋಡುವಾಗ ನನಗೆ ಪರದೇಶ ಎನಿಸಲಿಲ್ಲ. ನನ್ನ ಬೆನ್ನ ಹಿಂದಿದ್ದ ಕಟ್ಟಡಕ್ಕೂ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಸರಕ್ಕೂ ನಡುವೆ ಒಂದು ದಾರಿ ಇತ್ತು. ಅದು ನಾನು ಕಾರಿನಲ್ಲಿ ಬಂದ ದಾರಿಯಲ್ಲ.

ಕಡಲು ಬದುಕು ಕೊಟ್ಟ ಊರಿಗೆ ಕಡಲೇ ದೂರವಾದ ಉದಾಹರಣೆಯೂ ಇದೆ. ಅಲ್ಬೆಂಗ ರೋಮನ್ ಕಾಲದ ಬಂದರು. ಅದರ ಹೊಳೆ ತಂದು ಸುರಿದ ಮಣ್ಣಿನಿಂದ ದಡ ಮುಂದೆ ಹೋಯಿತು, ಊರು ಒಳನಾಡಾಯಿತು. 5ನೇ ಶತಮಾನದ ಅಲ್ಲಿಯ ದೀಕ್ಷಾಸ್ನಾನ ಮಂದಿರಕ್ಕೆ ಹೋಗಲು ಈಗ ಬೀದಿಯಿಂದ ಮೆಟ್ಟಿಲಿಳಿಯಬೇಕು. ನೆಲ ಅಷ್ಟು ಏರಿದೆ. ಒಳಗೆ ನೀಲಿ ಗಾಜುಹರಳಿನ ಚಿತ್ತಾರದಲ್ಲಿ ಹನ್ನೆರಡು ಬಿಳಿ ಪಾರಿವಾಳಗಳು. ಊರಿನ ಮುಂದಿನ ಕಡಲಿನಲ್ಲಿ ಮುಳುಗಿದ್ದ ರೋಮನ್ ಹಡಗೊಂದರಲ್ಲಿ 10 ಸಾವಿರಕ್ಕೂ ಹೆಚ್ಚು ದ್ರಾಕ್ಷಾರಸದ ಮಣ್ಣಿನ ಕೊಡಗಳಿದ್ದವು. 1950ರಲ್ಲಿ ನೀನೊ ಲಂಬೋಲ್ಯ ಎಂಬ ವಿದ್ವಾಂಸರು ಸಾವಿರಕ್ಕೂ ಮಿಕ್ಕಿ ಕೊಡಗಳನ್ನು ಮೇಲೆತ್ತಿಸಿದರು. ಆಗ ಬಳಸಿದ ಉಕ್ಕಿನ ಹಿಡಿಬುಟ್ಟಿಗೆ ಸಿಕ್ಕಿ ಬಹಳಷ್ಟು ಒಡೆದವು. ಆ ನಷ್ಟದಿಂದಲೇ ನೀರಿನೊಳಗಿನ ಉತ್ಖನನಕ್ಕೆ ಬೇರೆಯೇ ವಿಧಾನ ಬೇಕೆಂದು ಅವರು ಕಂಡುಕೊಂಡರು. ಇಟಲಿಯಲ್ಲಿ ಜಲತಳದ ಪುರಾತತ್ತ್ವ ಒಂದು ಶಾಸ್ತ್ರವಾಗಿ ಬೆಳೆದದ್ದು ಅಲ್ಲಿಂದ. ನೋಲಿ ಎಂಬ ಇನ್ನೂ ಚಿಕ್ಕ ಊರು ಸುಮಾರು 600 ವರ್ಷ, 1797ರವರೆಗೆ, ಸ್ವತಂತ್ರ ಗಣರಾಜ್ಯವಾಗಿತ್ತು. ಈಗ ಹದಿನೈದು ನಿಮಿಷದಲ್ಲಿ ಸುತ್ತಿಬರುವಷ್ಟು ಊರು ಅದು. ನೆಲದ ಮೇಲೆ ಸುಲಭವಾಗಿ ಸೇನೆ ಬರಲಾರದ ತೀರದಲ್ಲಿ ಮಾತ್ರ ಇಂತಹ ಗಣರಾಜ್ಯ ಬಾಳುತ್ತದೆ.

ಇನ್ನು ಮೂರನೆಯ ಮಾತು, ದಾರಿಯ ಎರಡನೆಯ ಹುಟ್ಟು. ನೆಪೋಲಿಯನ್ನನಿಗೆ ಫ್ರಾನ್ಸಿನಿಂದ ಇಟಲಿಗೆ ಸೇನೆ, ಫಿರಂಗಿ ಸಾಗಿಸಲು ರಸ್ತೆ ಬೇಕಿತ್ತು. 19ನೇ ಶತಮಾನದ ಆರಂಭದಲ್ಲಿ ದೊಡ್ಡ ಕಾರ್ನಿಶ್ ಹೀಗೆ ಬಂತು. ಸೇನೆಗೆಂದು ಮಾಡಿದ ದಾರಿಯಲ್ಲಿ ಆಮೇಲೆ ಬಂದವರು ರೋಗಿಗಳು. ಕ್ಷಯಕ್ಕೆ ಔಷಧ ಇಲ್ಲದ ಕಾಲ ಅದು. ರೋಗಾಣುವನ್ನು ಕೋಖ್ ಗುರುತಿಸಿದ್ದೇ 1882ರಲ್ಲಿ. ಬೆಚ್ಚಗಿನ ಗಾಳಿಯೊಂದೇ ವೈದ್ಯರು ಬರೆದುಕೊಡಬಹುದಾಗಿದ್ದ ಚೀಟಿ. ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯ ಸಾಯಲೆಂದೇ 1859ರಲ್ಲಿ ಮಾಂತೋ ಊರಿಗೆ ಬಂದು, ಚೇತರಿಸಿಕೊಂಡು, ಆ ತೀರದ ಚಳಿಗಾಲದ ಬಗ್ಗೆ ಪುಸ್ತಕ ಬರೆದ. ಅದನ್ನು ಓದಿ ಸಾವಿರಾರು ಜನ ಬಂದರು. ಎಲ್ಲರೂ ಅವನಷ್ಟು ಅದೃಷ್ಟವಂತರಾಗಿರಲಿಲ್ಲ. ಮಾಂತೋದ ಹಳೆಯ ಸ್ಮಶಾನ ಊರಿನಲ್ಲೆಲ್ಲ ಅತಿ ಸುಂದರ ನೋಟವಿರುವ ಜಾಗ. ಅಲ್ಲಿ ಕಲ್ಲಿನ ಮೇಲಿನ ವಯಸ್ಸುಗಳನ್ನು ಓದುತ್ತಾ ಹೋದರೆ, 22, 19, 25, ಗಂಟಲು ಕಟ್ಟುತ್ತದೆ. ದೂರದ ಚಳಿನಾಡುಗಳಿಂದ ಮಕ್ಕಳನ್ನು ಕರೆತಂದ ತಾಯಂದಿರು ಈ ಕಡಲನ್ನು ಯಾವ ಕಣ್ಣಿನಿಂದ ನೋಡಿರಬಹುದು ಎಂದು ಯೋಚಿಸದೆ ಅಲ್ಲಿಂದ ಎದ್ದುಬರಲಾಗುವುದಿಲ್ಲ.

ರಸ್ತೆ ಕಾದಂಬರಿಯೊಳಗೂ ಬಂತು. ಜೊವಾನ್ನಿ ರುಫೀನಿ ಎಂಬ ಇಟಲಿಯ ದೇಶಭ್ರಷ್ಟ ಇಂಗ್ಲಿಷಿನಲ್ಲೇ ಬರೆದ ‘ಡಾಕ್ಟರ್ ಆಂಟೋನಿಯೊ’ 1855ರಲ್ಲಿ ಪ್ರಕಟವಾಯಿತು. ಈ ದಾರಿಯಲ್ಲಿ ಬೋರ್ದಿಗೇರದ ಹತ್ತಿರ ಒಂದು ಸಾರೋಟು ಮಗುಚಿಬೀಳುವುದರಿಂದ ಕತೆ ಆರಂಭವಾಗುತ್ತದೆ. ಗಾಯಗೊಂಡ ಇಂಗ್ಲಿಷ್ ಯುವತಿ, ಅವಳನ್ನು ಆರೈಕೆ ಮಾಡುವ ಇಟಲಿಯ ವೈದ್ಯ. ರುಫೀನಿಯ ಉದ್ದೇಶ ಇಂಗ್ಲಿಷರಲ್ಲಿ ಇಟಲಿಯ ಸ್ವಾತಂತ್ರ್ಯದ ಬಗ್ಗೆ ಸಹಾನುಭೂತಿ ಹುಟ್ಟಿಸುವುದಾಗಿತ್ತು. ಅದರ ಜೊತೆಗೆ, ಹೆಸರೇ ಕೇಳಿರದ ಬೋರ್ದಿಗೇರಕ್ಕೆ ಇಂಗ್ಲಿಷ್ ಓದುಗರು ಹುಡುಕಿಕೊಂಡು ಬಂದರು.

1872ರಲ್ಲಿ ಜಿನೋವಾದಿಂದ ವೆಂತಿಮಿಲ್ಯಕ್ಕೆ ರೈಲು ಬಂತು. ಬೆಟ್ಟ ಕಡಿಯುವ ಕಷ್ಟ ತಪ್ಪಿಸಲು ಹಳಿಯನ್ನು ನೀರಿನ ಅಂಚಿಗೇ ಹಾಕಿದರು. ಊರಿಗೂ ಕಡಲಿಗೂ ನಡುವೆ ಹೀಗೆ ಮೊದಲ ಬೇಲಿ ಬಿತ್ತು. ದೋಣಿ ಎಳೆದಿಡುತ್ತಿದ್ದ ಮರಳಿನ ಮೇಲೆ ನಿಲ್ದಾಣಗಳೆದ್ದವು. ಬೆಳಿಗ್ಗೆ ಕೊಯ್ದ ಹೂವು ಉತ್ತರದ ರಾಜಧಾನಿಗಳ ಮಾರುಕಟ್ಟೆಗೆ ಬಾಡದೆ ತಲಪುವಂತಾಗಿ, ಆಲಿವ್ ಮತ್ತು ನಿಂಬೆಯ ತೋಟಗಳು ಹೂವಿನ ಗಾಜುಮನೆಗಳಾದವು. ಊರುಗಳು ದಿಬ್ಬದಿಂದ ಇಳಿದು ರಸ್ತೆಯ ಬದಿಗೆ ಬರತೊಡಗಿದವು. ಕೆಲವನ್ನು ಭೂಮಿಯೇ ಇಳಿಸಿತು. 1887ರ ಫೆಬ್ರವರಿ 23ರ ಬೆಳಿಗ್ಗೆ, ಕಾರ್ನಿವಲ್ ಹಬ್ಬದ ರಾತ್ರಿ ಮುಗಿದು ಜನ ಬೂದಿ ಬುಧವಾರದ ಪೂಜೆಗೆ ಸೇರಿದ್ದಾಗ ಭೂಕಂಪವಾಯಿತು. ತೀರದುದ್ದಕ್ಕೂ 600ಕ್ಕಿಂತ ಹೆಚ್ಚು ಜನ ಸತ್ತರು. ಸಾನ್ ರೆಮೊ ಹತ್ತಿರದ ಬುಸ್ಸಾನದಲ್ಲಿ ಇಗರ್ಜಿಯ ಮಾಡೇ ಜನರ ಮೇಲೆ ಕುಸಿಯಿತು. ಉಳಿದವರು ಕೆಲವು ವರ್ಷ ಗುಡಿಸಲುಗಳಲ್ಲಿದ್ದು, 1894ರಲ್ಲಿ ಕಡಲ ಹತ್ತಿರ ಕಟ್ಟಿದ ಹೊಸ ಊರಿಗೆ ಹೋದರು. ಮೇಲಿನ ಹಳೆಯ ಊರು ಬಿಕೋ ಎನ್ನುತ್ತಾ ನಿಂತಿತು. 20ನೇ ಶತಮಾನದ ನಡುವಿನ ನಂತರ ಕಲಾವಿದರು ಬಂದು ಅಲ್ಲಿ ನೆಲೆಸಿದ್ದಾರೆ. ಅಂದು ಬಿದ್ದ ಇಗರ್ಜಿಗೆ ಇಂದೂ ಮಾಡು ಇಲ್ಲ, ಒಳಗೆ ಹುಲ್ಲು ಬೆಳೆದಿದೆ.

ಇದೇ ಹಾದಿಯಲ್ಲಿ ಭಾರತೀಯರು ನಿಲ್ಲಬೇಕಾದ ಇನ್ನೊಂದು ಜಾಗವಿದೆ. ಮಾಂತೋಗಿಂತ ಮೊದಲು ಸಿಗುವ ರೋಕ್‌ಬ್ರೂನ್ ತೀರದಲ್ಲಿ ಚಂಡೀಗಢದ ಶಿಲ್ಪಿ ಲ ಕಾರ್ಬೂಸಿಯೆ ತನಗಾಗಿ ಒಂದು ಮರದ ಗುಡಿಸಲು ಕಟ್ಟಿಕೊಂಡಿದ್ದ. ಅಳತೆ 3.66 ಮೀಟರ್ ಉದ್ದ, ಅಷ್ಟೇ ಅಗಲ. ಪಂಜಾಬಿನ ಬಯಲಿನಲ್ಲಿ ರಾಜಧಾನಿಯನ್ನೇ ಎಬ್ಬಿಸುತ್ತಿದ್ದ ವರ್ಷಗಳಲ್ಲಿ ಅವನು ಬೇಸಿಗೆ ಕಳೆದದ್ದು ಈ ಒಂದು ಕೋಣೆಯಲ್ಲಿ. 1965ರ ಆಗಸ್ಟ್ 27ರಂದು ಅದರ ಕೆಳಗಿನ ಕಡಲಿನಲ್ಲಿ ಈಜಲು ಇಳಿದವನು ಜೀವಂತ ಮರಳಲಿಲ್ಲ. 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಅವನ 17 ಕೃತಿಗಳನ್ನು ಒಟ್ಟಿಗೆ ಸೇರಿಸಿದಾಗ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವೂ ಈ ಗುಡಿಸಲೂ ಒಂದೇ ಸಾಲಿನಲ್ಲಿ ಬಂದವು. ಅಲ್ಲಿಗೆ ಕಾರುದಾರಿ ಇಲ್ಲ. ರೈಲು ನಿಲ್ದಾಣದಿಂದ ಕಾಲುದಾರಿಯಲ್ಲಿ ನಡೆದೇ ಹೋಗಬೇಕು.

ಗಡಿಯ ಬಗ್ಗೆ ಒಂದು ಮಾತು ಸೇರಿಸಿ ಈ ಭಾಗ ಮುಗಿಸುತ್ತೇನೆ. ನೀಸ್ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ ಹುಟ್ಟಿದ ಊರೇ ಇಟಲಿಗೆ ಸಿಗಲಿಲ್ಲ, ಆ ನೋವು ಅವನಿಗೆ ಕೊನೆಯವರೆಗೂ ಇತ್ತು. ಆದರೆ ಒಲೆಯ ಬಳಿ ಈ ಗಡಿ ಇಲ್ಲ. ನೀಸ್‌ನ ಹಳೆಪೇಟೆಯಲ್ಲಿ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಸೌದೆಯ ಗೂಡಿನಲ್ಲಿ ಬೇಯಿಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಅದಕ್ಕೆ ಸೊಕ್ಕ ಎಂದು ಹೆಸರು. ಜಿನೋವಾದ ಓಣಿಯಲ್ಲೂ ಅದೇ ತಟ್ಟೆ, ಅದೇ ಹಿಟ್ಟು, ಹೆಸರು ಮಾತ್ರ ಫರಿನಾತ. ಅಂಚು ಗರಿಗರಿ, ನಡುವೆ ಮೆತ್ತಗೆ. ಕಡಲೆಹಿಟ್ಟಿನ ದೋಸೆ ತಿಂದು ಬೆಳೆದ ನಾಲಿಗೆಗೆ ಅದನ್ನು ಯಾರೂ ಪರಿಚಯಿಸಬೇಕಿಲ್ಲ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇಂದು ಈ ತೀರದಲ್ಲಿ ಎರಡು ದಾರಿಗಳಿವೆ. ಇಟಲಿಯಲ್ಲಿ ಹಸಿರು ಫಲಕ ಕಂಡರೆ ಅದು ಸುಂಕದ ಹೆದ್ದಾರಿ. ಇದಕ್ಕೆ ಹೂಗಳ ಹೆದ್ದಾರಿ ಎಂದೇ ಹೆಸರು. ಸುರಂಗ, ಸೇತುವೆ, ಮತ್ತೆ ಸುರಂಗ. ಎರಡೂವರೆ ಗಂಟೆಯಲ್ಲಿ ಜಿನೋವಾ. ನೀಲಿ ಫಲಕ ಕಂಡರೆ ಅದು ಔರೇಲಿಯ, ಊರೂರಿನ ಒಳಗೆ ಹಾದುಹೋಗುವ ಹಳೆಯ ರಸ್ತೆ. ಅದಕ್ಕೆ ಮೂರು ದಿನ ಕೊಡಬೇಕು. ಅಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುವುದರಿಂದ ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ಕಡಲು ನಿಮ್ಮ ಪಕ್ಕದಲ್ಲೇ ಇರುತ್ತದೆ. ಬೇಸಿಗೆಯ ರಜೆಯ ತಿಂಗಳುಗಳಲ್ಲಿ ಹೋಗಬೇಡಿ, ಮೇ ಅಥವಾ ಅಕ್ಟೋಬರ್ ಒಳ್ಳೆಯದು.

ಹೋಗುವಾಗ ಒಮ್ಮೆಯಾದರೂ ಕಡಲು ಬಿಟ್ಟು ಮೇಲ್ಬದಿಯ ಬೆಟ್ಟ ನೋಡಿ. ಇಡೀ ಬೆಟ್ಟದ ಮೈ ಮೆಟ್ಟಿಲು ಮೆಟ್ಟಿಲಾಗಿದೆ. ಪ್ರತಿ ಮೆಟ್ಟಿಲಿಗೂ ಗಾರೆಯಿಲ್ಲದ ಕಲ್ಲಿನ ಕಟ್ಟು. ಫಾಶೆ ಎಂದು ಅಲ್ಲಿಯವರು ಕರೆಯುವ ಈ ತಟ್ಟುಗಳಲ್ಲೇ ಆಲಿವ್, ದ್ರಾಕ್ಷಿ, ನಿಂಬೆ ಬೆಳೆದದ್ದು. ಗಾರೆ ಇಲ್ಲದಿರುವುದೇ ಆ ಕಟ್ಟಿನ ಬಲ. ಮಳೆಯ ನೀರು ಸಂದುಗಳಿಂದ ಜಿನುಗಿ ಹೊರಟುಹೋಗುತ್ತದೆ, ಒಳಗೆ ನಿಂತು ಒತ್ತುವುದಿಲ್ಲ. ಕಲ್ಲೊಂದು ಉಬ್ಬಿದರೆ ಹೊರಗೇ ಕಾಣುತ್ತದೆ, ಆ ಚಳಿಗಾಲದಲ್ಲೇ ಬಿಚ್ಚಿ ಕಟ್ಟುತ್ತಾರೆ. 2018ರಲ್ಲಿ ಈ ಕಲೆಯನ್ನು ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿತು. ಇಟಲಿ, ಫ್ರಾನ್ಸ್ ಸೇರಿ ಎಂಟು ದೇಶಗಳು ಜೊತೆಯಾಗಿ ಕೇಳಿದ ಮನ್ನಣೆ ಅದು. ಸಾನ್ ರೆಮೊದಲ್ಲಿ ಬೆಳೆದ ಇತಾಲೊ ಕಾಲ್ವಿನೊ ‘ಸಾನ್ ಜೊವಾನ್ನಿಯ ದಾರಿ’ ಎಂಬ ಬರಹದಲ್ಲಿ ತನ್ನ ತಂದೆಯನ್ನು ನೆನೆದಿದ್ದಾನೆ. ತಂದೆ ಕೃಷಿವಿಜ್ಞಾನಿ. ಅವರಿಗೆ ಜಗತ್ತು ಮನೆಯಿಂದ ಮೇಲಕ್ಕೆ, ಬೆಟ್ಟದ ತೋಟದ ಕಡೆಗೆ. ಮಗನಿಗೆ ಕೆಳಕ್ಕೆ, ಪಟ್ಟಣ ಮತ್ತು ಕಡಲಿನ ಕಡೆಗೆ. ಎರಡನೆಯ ಮಹಾಯುದ್ಧದ ನಂತರದ ಪೀಳಿಗೆ ಎಲ್ಲ ಕೆಳಕ್ಕೇ ನೋಡಿತು. ತಟ್ಟುಗಳು ಪಾಳುಬಿದ್ದವು, ಕೆಳಗೆ ಕಾಂಕ್ರೀಟಿನ ವಸತಿಗಳು ಏರಿದವು. 1957ರಲ್ಲೇ ಕಾಲ್ವಿನೊ ಆ ಕಟ್ಟಡದಾಹದ ಮೇಲೆ ಒಂದು ಕಾದಂಬರಿ ಬರೆದ. ಕಟ್ಟು ನೋಡಿಕೊಳ್ಳುವವರಿಲ್ಲದ ಬೆಟ್ಟ ಈಗ ಪ್ರತಿ ಹೆಮ್ಮಳೆಗೆ ಜರಿದು ಇದೇ ರಸ್ತೆಯ ಮೇಲೆ ಬೀಳುತ್ತದೆ.

2018ರ ಆಗಸ್ಟ್ 14ರಂದು, ಮಳೆ ಸುರಿಯುತ್ತಿದ್ದ ಬೆಳಿಗ್ಗೆ, ಜಿನೋವಾದಲ್ಲಿ ಹೆದ್ದಾರಿಯ ಮೊರಾಂದಿ ಸೇತುವೆ ಕುಸಿಯಿತು. 1967ರಲ್ಲಿ ಉದ್ಘಾಟನೆಯಾದಾಗ ದೇಶದ ಹೆಮ್ಮೆಯಾಗಿದ್ದ ಸೇತುವೆ. 200 ಮೀಟರಿಗೂ ಹೆಚ್ಚು ಉದ್ದದ ಭಾಗ ಕೆಳಗೆ ಬಿತ್ತು, 43 ಜನ ಸತ್ತರು. ರಜೆಗೆ ಹೊರಟಿದ್ದ ಕುಟುಂಬಗಳು ಅವರಲ್ಲಿದ್ದವು. ಸೇತುವೆಯನ್ನು ಎತ್ತಿಹಿಡಿದ ಉಕ್ಕಿನ ಎಳೆಗಳನ್ನು ಕಾಂಕ್ರೀಟಿನಲ್ಲಿ ಮುಚ್ಚಿದ್ದರು. ಒಳಗೆ ತುಕ್ಕು ತಿನ್ನುತ್ತಿದ್ದದ್ದು ಹೊರಗಿನ ಕಣ್ಣಿಗೆ ಬೀಳಲಿಲ್ಲ. ಎರಡು ವರ್ಷದಲ್ಲಿ, ಜಿನೋವಾದವನೇ ಆದ ಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಹೊಸ ಸೇತುವೆ ಅಲ್ಲಿ ಎದ್ದಿತು. ಅದರ ಮೇಲೆ ಕಾರು ಓಡಿಸುವಾಗ ನಾನು ಎರಡು ಬದಿಯ ಬೆಟ್ಟದ ಕಲ್ಲುಕಟ್ಟುಗಳನ್ನು ಹುಡುಕುತ್ತಿದ್ದೆ. ಅಲ್ಲೊಂದು ಇಲ್ಲೊಂದು, ಮನೆಗಳ ನಡುವೆ, ಇನ್ನೂ ಇವೆ.

ನಮ್ಮ ಪಯಣ ಜಿನೋವಾದ ಹಳೆಯ ಬಂದರಿನಲ್ಲಿ ನಿಲ್ಲುತ್ತದೆ. ಅಲ್ಲಿ 1260ರಲ್ಲಿ ಕಟ್ಟಿದ ಸಾನ್ ಜಾರ್ಜೊ ಅರಮನೆಯಿದೆ. ಒಂದು ಕಾಲಕ್ಕೆ ನೀರು ಅದರ ಬುಡಕ್ಕೆ ಬಡಿಯುತ್ತಿತ್ತು. ಸೆರೆಸಿಕ್ಕ ವೆನಿಸಿನ ಮಾರ್ಕೊ ಪೋಲೊನನ್ನು ಇಲ್ಲಿಯೇ ಇಟ್ಟಿದ್ದರು ಎಂದು ಪರಂಪರೆ ಹೇಳುತ್ತದೆ. ಜಿನೋವಾದ ಸೆರೆಯಲ್ಲಿ, 1298ರಲ್ಲಿ, ಅವನು ಜೊತೆಯ ಕೈದಿ ಪೀಸಾದ ರುಸ್ತಿಕೆಲ್ಲೊಗೆ ತನ್ನ ಪ್ರವಾಸವನ್ನು ಹೇಳಿ ಬರೆಯಿಸಿದ. ಮಲಬಾರಿನ ಮೆಣಸು, ಅಲ್ಲಿಗೆ ಬರುವ ಹಡಗುಗಳು ಆ ಬರಹದಲ್ಲಿವೆ. ಕಡಲಿಗೆ ಮುಖ ಮಾಡಿದ ಅರಮನೆಯ ಇಡೀ ಗೋಡೆಗೆ ಬಣ್ಣದ ಚಿತ್ರಗಳಿವೆ, ನಡುವೆ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್. ಬಂದರಿಗೆ ಬರುವ ನಾವಿಕ ದೂರದಿಂದ ಮೊದಲು ಕಾಣಲಿ ಎಂದು ಬರೆಸಿದ ಚಿತ್ರ. 1965ರಲ್ಲಿ ಆ ಗೋಡೆಗೂ ನೀರಿಗೂ ನಡುವೆ ಕಂಬಗಳ ಮೇಲೆ ಒಂದು ರಸ್ತೆ ಬಂತು. ಸಂಜೆ ನಾನು ಆ ಕಂಬಗಳ ಕೆಳಗೆ ನಿಂತು ನೋಡಿದೆ. ತಲೆಯ ಮೇಲೆ ವಾಹನಗಳ ಸದ್ದು ಎಡೆಬಿಡದೆ ಹರಿಯುತ್ತಿತ್ತು. ರಸ್ತೆಯ ಹಾಸಿನ ಕೆಳಗಿನಿಂದ ನುಸುಳಿದ ಇಳಿಬಿಸಿಲು ಗೋಡೆಯ ಮೇಲೆ ಬಿದ್ದು, ಸಂತನ ಕುದುರೆಯ ಕಾಲು ಮಾತ್ರ ಬೆಳಗಿತ್ತು.